ರಚನಾವಾದ ಮತ್ತು ಅದು ಬಿಟ್ಟುಹೋದದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ವಾಸ್ತುಶಿಲ್ಪ ಮತ್ತು ಚಿತ್ರಕಲೆಯ ವಿದ್ಯಾರ್ಥಿಗಳು, ಮುದ್ರಣ ಮತ್ತು ವಿನ್ಯಾಸದಲ್ಲಿ ದುಡಿಯುವವರು, ಬರೀ ಆಸಕ್ತಿಯಿಂದ ಓದುವವರು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು.

## ಮೊದಲ ಪರಿಚಯ

ರಚನಾವಾದ ಅಂದರೇನು? ಬಿ.ಎಡ್.ನಲ್ಲಿ ಓದಿದ ರಚನಾವಾದವೇ ಇದು?

ಅದು ಬೇರೆ, ಇದು ಬೇರೆ. ಬಿ.ಎಡ್. ತರಗತಿಯಲ್ಲಿ ಬರುವುದು ಮಗು ತನ್ನ ಅರಿವನ್ನು ತಾನೇ ಕಟ್ಟಿಕೊಳ್ಳುತ್ತದೆ ಎನ್ನುವ ಕಲಿಕೆಯ ಸಿದ್ಧಾಂತ. ಇಲ್ಲಿ ಹೇಳುತ್ತಿರುವುದು 1917ರ ಕ್ರಾಂತಿಯ ನಂತರ ರಷ್ಯಾದಲ್ಲಿ ರೂಪುಗೊಂಡ ಕಲೆ, ವಾಸ್ತುಶಿಲ್ಪ ಮತ್ತು ವಿನ್ಯಾಸದ ಚಳವಳಿಯ ವಿಷಯ. ಗೋಡೆಗೆ ತೂಗುಹಾಕಿ ಸವಿಯುವ ಕೃತಿಯನ್ನು ಮಾಡುವುದಕ್ಕಿಂತ, ಕಬ್ಬಿಣ, ಗಾಜು, ಮರ, ಬಟ್ಟೆ, ಮುದ್ರಣದ ಮೊಳೆಗಳಂಥ ನಿಜವಾದ ಸಾಮಗ್ರಿಗಳ ಗುಣವನ್ನು ಅರಿತು, ಹೊಸ ಸಮಾಜದ ದಿನನಿತ್ಯದ ಬದುಕಿಗೆ ಬೇಕಾದ ವಸ್ತುಗಳನ್ನು ಕಟ್ಟುವುದೇ ಕಲಾವಿದನ ಕೆಲಸ ಎಂದು ಅದು ನಂಬಿತ್ತು. ಅಲಂಕಾರಕ್ಕೆಂದು ಏನನ್ನೂ ಸೇರಿಸಬಾರದು, ತೆಗೆದರೆ ಇಡೀ ವಸ್ತು ಕುಸಿಯುವಂಥ ಅಂಗಗಳು ಮಾತ್ರ ಇರಬೇಕು ಎನ್ನುವುದು ಅವರ ಕಟ್ಟುನಿಟ್ಟು.

ಇದನ್ನು ಶುರು ಮಾಡಿದವರು ಯಾರು? ಒಂದು ನಿರ್ದಿಷ್ಟ ದಿನಾಂಕ ಇದೆಯೇ?

ಹೆಸರಿಟ್ಟುಕೊಂಡು ಹೊರಟ ಕಾಲವನ್ನು ಹೇಳಬಹುದು. ಮಾಸ್ಕೋದ ಕಲಾ ಸಂಸ್ಕೃತಿ ಸಂಸ್ಥೆಯಲ್ಲಿ 1921ರ ಮೊದಲ ತಿಂಗಳುಗಳಲ್ಲಿ ಒಂದು ಬಿರುಸಿನ ಚರ್ಚೆ ನಡೆಯಿತು. ಕಣ್ಣಿಗೆ ಹಿತವಾಗುವಂತೆ ಅಂಗಗಳನ್ನು ಜೋಡಿಸುವುದು ಸಂಯೋಜನೆ, ಒಂದು ಅಗತ್ಯಕ್ಕೆ ತಕ್ಕಂತೆ ಸಾಮಗ್ರಿಯನ್ನು ಪೋಲು ಮಾಡದೆ ಕಟ್ಟುವುದು ರಚನೆ ಎಂದು ಅಲ್ಲಿ ಗೆರೆ ಎಳೆದರು. ಆ ವರ್ಷದ ಮಾರ್ಚ್‌ನಲ್ಲಿ ಅಲೆಕ್ಸಾಂಡರ್ ರೊಡ್ಚೆಂಕೊ, ವರ್ವಾರಾ ಸ್ಟೆಪನೋವಾ, ಅಲೆಕ್ಸೈ ಗಾನ್, ಕಾರ್ಲ್ ಇಯೊಗಾನ್ಸನ್, ಮೆದುನೆಟ್ಸ್ಕಿ ಮತ್ತು ಸ್ಟೆನ್‌ಬರ್ಗ್ ಸಹೋದರರು ಸೇರಿ ರಚನಾವಾದಿಗಳ ಮೊದಲ ಕಾರ್ಯತಂಡವನ್ನು ಕಟ್ಟಿದರು. ಬೇರು ಅದಕ್ಕಿಂತ ಹಿಂದಿನದು. ವ್ಲಾದಿಮಿರ್ ಟಾಟ್ಲಿನ್ 1914ರಿಂದಲೇ ತಗಡು, ಮರ, ತಂತಿಗಳನ್ನು ಕೋಣೆಯ ಮೂಲೆಯಲ್ಲಿ ಬಿಗಿದು, ಚೌಕಟ್ಟೂ ಪೀಠವೂ ಇಲ್ಲದ ಉಬ್ಬುಕೃತಿಗಳನ್ನು ಮಾಡುತ್ತಿದ್ದ.

ಟಾಟ್ಲಿನ್ ಗೋಪುರವನ್ನು ಕಟ್ಟಲೇ ಇಲ್ಲವಲ್ಲ, ಮತ್ತೆ ಅದಕ್ಕೆ ಯಾಕೆ ಇಷ್ಟೊಂದು ಮಹತ್ವ?

ಮೂರನೇ ಇಂಟರ್‌ನ್ಯಾಷನಲ್‌ನ, ಅಂದರೆ ಜಗತ್ತಿನ ಕಮ್ಯುನಿಸ್ಟ್ ಪಕ್ಷಗಳ ಒಕ್ಕೂಟದ, ಸ್ಮಾರಕವಾಗಿ ಟಾಟ್ಲಿನ್ ಯೋಜಿಸಿದ ಗೋಪುರದ ಮರದ ಮಾದರಿಯನ್ನು 1920ರ ನವೆಂಬರ್‌ನಲ್ಲಿ ಪೆಟ್ರೊಗ್ರಾದ್‌ನಲ್ಲಿ (1924ರಿಂದ ಲೆನಿನ್‌ಗ್ರಾದ್, ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ಪ್ರದರ್ಶಿಸಲಾಯಿತು. 300 ಮೀಟರಿನ ಐಫೆಲ್ ಗೋಪುರವನ್ನು ಮೀರಿ ಇದು 400 ಮೀಟರ್ ಏರಬೇಕಿತ್ತು. ಹೊರಗೆ ಓರೆಯಾಗಿ ಮೇಲೇರುವ ಕಬ್ಬಿಣದ ಜೋಡಿ ಸುರುಳಿ, ಒಳಗೆ ತೂಗುಬಿಟ್ಟ ಗಾಜಿನ ಸಭಾಂಗಣಗಳು. ಕೆಳಗಿನ ಘನಾಕೃತಿ ವರ್ಷಕ್ಕೊಂದು ಸುತ್ತು, ನಡುವಿನ ಪಿರಮಿಡ್ ತಿಂಗಳಿಗೊಂದು ಸುತ್ತು, ಮೇಲಿನ ಸಿಲಿಂಡರ್ ದಿನಕ್ಕೊಂದು ಸುತ್ತು ತಿರುಗಬೇಕು ಎಂದು ಯೋಜನೆ ಹೇಳುತ್ತಿತ್ತು. ಅಂತರ್ಯುದ್ಧದಿಂದ ಬಸವಳಿದ, ಉಕ್ಕಿಗೂ ಅನ್ನಕ್ಕೂ ಬರವಿದ್ದ ದೇಶದಲ್ಲಿ ಅದು ಮೇಲೇಳುವ ಸಾಧ್ಯತೆಯೇ ಇರಲಿಲ್ಲ. ಆದರೂ ಅದು ಹಿಂದಿನ ಎಲ್ಲ ಸ್ಮಾರಕಗಳಿಗಿಂತ ಬೇರೆಯದಾಗಿತ್ತು. ಕುದುರೆಯ ಮೇಲೆ ಕೂತ ಸೇನಾನಿಯ ಬದಲು ಸಭೆ ಸೇರುವ, ಸುದ್ದಿ ಹರಡುವ, ಒಳಗೆ ಜನ ಕೆಲಸ ಮಾಡುವ ಕಟ್ಟಡವೇ ಸ್ಮಾರಕವಾಗಬಹುದು ಎಂದು ಅದು ತೋರಿಸಿತು. ಮೂಲ ಮಾದರಿ ಉಳಿದಿಲ್ಲ. 1968ರಲ್ಲಿ ಸ್ಟಾಕ್‌ಹೋಮ್‌ನಲ್ಲಿ, 1971ರಲ್ಲಿ ಲಂಡನ್‌ನಲ್ಲಿ ಅದನ್ನು ಛಾಯಾಚಿತ್ರಗಳ ಆಧಾರದಿಂದ ಮರಳಿ ಕಟ್ಟಿದರು.

ಗೋಪುರ ನಿಜವಾಗಿ ಏಳಬಲ್ಲದೇ ಎಂದು ಕೇಳುವವರು ಮಾಸ್ಕೋದ ಶಾಬೊಲೊವ್ಕಾ ರೇಡಿಯೊ ಗೋಪುರವನ್ನೂ ನೋಡಬೇಕು. ಎಂಜಿನಿಯರ್ ವ್ಲಾದಿಮಿರ್ ಶುಖೋವ್ 1922ರಲ್ಲಿ ಮುಗಿಸಿದ ಆ ಜಾಲರಿಯನ್ನು ಮೊದಲು 350 ಮೀಟರಿಗೆ ಯೋಜಿಸಲಾಗಿತ್ತು. ಉಕ್ಕು ಸಾಲದೆ ಅದು ಸುಮಾರು 150 ಮೀಟರಿಗೆ ನಿಂತಿತು. ಅದು ಇಂದಿಗೂ ಇದೆ.

ಮಾಲೆವಿಚ್‌ನ ಕಪ್ಪು ಚೌಕವೂ ರಚನಾವಾದವೇ?

ಚಿತ್ರಕಾರ ಮಾಲೆವಿಚ್‌ನದು ಸುಪ್ರಿಮ್ಯಾಟಿಸಂ ಎಂಬ ಬೇರೆ ಪಂಥ. 1915ರ ಡಿಸೆಂಬರ್‌ನಲ್ಲಿ ಪೆಟ್ರೊಗ್ರಾದ್‌ನ ಒಂದೇ ಪ್ರದರ್ಶನದಲ್ಲಿ ಅವನ ಕಪ್ಪು ಚೌಕವೂ ಟಾಟ್ಲಿನ್‌ನ ಮೂಲೆಯ ಉಬ್ಬುಕೃತಿಗಳೂ ಇದ್ದವು. ಮಾಲೆವಿಚ್‌ಗೆ ಬೇಕಿದ್ದದ್ದು ವಸ್ತುಲೋಕದಿಂದ ಬಿಡುಗಡೆ ಪಡೆದ ಶುದ್ಧ ಸಂವೇದನೆ, ಟಾಟ್ಲಿನ್‌ಗೆ ಬೇಕಿದ್ದದ್ದು ವಸ್ತುವೇ. ಎರಡರ ನಡುವೆ ಸೇತುವೆಯಾದವನು ಎಲ್ ಲಿಸಿಟ್ಸ್ಕಿ. ಮಾಲೆವಿಚ್‌ನ ಜೊತೆ ವಿಟೆಬ್ಸ್ಕ್‌ನಲ್ಲಿದ್ದಾಗ ಕಲಿತ ರೇಖಾಗಣಿತವನ್ನು ಅವನು ಪುಸ್ತಕ, ಪೋಸ್ಟರ್ ಮತ್ತು ಕಟ್ಟಡಗಳ ಕಡೆಗೆ ಹೊರಳಿಸಿದ. ಇಂದಿನ ವಿನ್ಯಾಸಗಳಲ್ಲಿ ರಚನಾವಾದ ಎಂದು ಗುರುತಿಸುವ ಎಷ್ಟೋ ಆಕಾರಗಳು ನಿಜದಲ್ಲಿ ಮಾಲೆವಿಚ್‌ನ ಕಡೆಯಿಂದ ಬಂದವು.

## ಕೃತಿಗಳು ಮತ್ತು ಅವುಗಳ ಸಂತಾನ

ಚೆನ್ನಾಗಿ ಚಿತ್ರ ಬರೆಯುತ್ತಿದ್ದವರು ಅದನ್ನು ಬಿಟ್ಟು ಬಟ್ಟೆ, ಕುರ್ಚಿ ಮಾಡಲು ಹೋದದ್ದು ಯಾಕೆ? ನಷ್ಟವಲ್ಲವೇ?

1921ರ ಸೆಪ್ಟೆಂಬರ್‌ನಲ್ಲಿ ರೊಡ್ಚೆಂಕೊ ಕೆಂಪು, ಹಳದಿ, ನೀಲಿ ಎಂಬ ಒಂದೊಂದೇ ಬಣ್ಣದ ಮೂರು ಫಲಕಗಳನ್ನು ಪ್ರದರ್ಶಿಸಿದ. ಚಿತ್ರಕಲೆಯನ್ನು ಅದರ ತರ್ಕದ ಕೊನೆಗೆ ಒಯ್ದದ್ದಾಯಿತು, ಇನ್ನು ಹೊರಗೆ ನಡೆಯಬೇಕು ಎನ್ನುವುದು ಅವನ ನಿಲುವು. ಅದರ ಹಿಂದಿನ ದುಡಿಮೆಯನ್ನು ನೋಡಿದರೆ ಆ ನಿಲುವು ಹುಡುಗಾಟದ್ದಲ್ಲ ಎಂದು ತಿಳಿಯುತ್ತದೆ. ಅವನ ತೂಗುಶಿಲ್ಪಗಳಲ್ಲಿ ಒಂದು ನ್ಯೂಯಾರ್ಕ್‌ನ ಆಧುನಿಕ ಕಲಾ ಮ್ಯೂಸಿಯಂ ಮೋಮಾದಲ್ಲಿದೆ. ಒಂದೇ ಪ್ಲೈವುಡ್ ಹಲಗೆಯಲ್ಲಿ ಒಂದರೊಳಗೊಂದು ಅಂಡಾಕಾರದ ಬಳೆಗಳನ್ನು ಕೊಯ್ದು, ಒಂದೊಂದನ್ನೂ ಒಂದೊಂದು ಕೋನಕ್ಕೆ ತಿರುಗಿಸಿ, ತಂತಿಯಿಂದ ಬಿಗಿದು ತೂಗುಬಿಟ್ಟಿದ್ದಾನೆ. ಚಪ್ಪಟೆ ಹಲಗೆ ಗೋಳದಂತೆ ತೆರೆದುಕೊಳ್ಳುತ್ತದೆ, ಬೇಡವಾದಾಗ ಮತ್ತೆ ಮಡಚಿ ಹಲಗೆಯಾಗಿ ಇಡಬಹುದು. ಇದೇ ಬುದ್ಧಿ 1925ರ ಪ್ಯಾರಿಸ್ ಪ್ರದರ್ಶನಕ್ಕೆಂದು ಅವನು ಮಾಡಿದ ಕಾರ್ಮಿಕರ ಕ್ಲಬ್ಬಿನ ಪೀಠೋಪಕರಣಗಳಲ್ಲಿ ಮುಂದುವರಿಯಿತು. ಅಲ್ಲಿನ ಚದುರಂಗದ ಮೇಜಿನಲ್ಲಿ ಆಟಗಾರರು ಸೀಟಿಗೆ ಹೋಗಿ ಕೂರಲು ಅನುವಾಗುವಂತೆ ಪಟವೇ ತಿರುಗಿ ಲಂಬವಾಗುತ್ತಿತ್ತು. ಇಕ್ಕಟ್ಟಾದ ಕೋಣೆಯಲ್ಲಿ ಭಾಷಣದ ವೇದಿಕೆಯೂ ಪರದೆಯೂ ಮಡಚಿ ಒಳಸೇರುತ್ತಿದ್ದವು.

ಬಟ್ಟೆಯ ಕಥೆ ಇನ್ನೂ ಹತ್ತಿರದ್ದು. ಲ್ಯುಬೋವ್ ಪೊಪೋವಾ ಮತ್ತು ಸ್ಟೆಪನೋವಾ 1923–24ರಲ್ಲಿ ಮಾಸ್ಕೋದ ಮೊದಲ ಸರ್ಕಾರಿ ಜವಳಿ ಮುದ್ರಣ ಕಾರ್ಖಾನೆಗೆ ಸೇರಿ, ಹೂಬಳ್ಳಿಗಳ ಬದಲಿಗೆ ಕೈವಾರ ಮತ್ತು ಅಳತೆಪಟ್ಟಿಯಿಂದ ಎಳೆದ ವೃತ್ತ, ಪಟ್ಟೆ, ಚೌಕಗಳ ಹತ್ತಿಬಟ್ಟೆಗೆ ನಕಾಶೆ ಕೊಟ್ಟರು. ಆ ಬಟ್ಟೆಯಲ್ಲಿ ಕೆಲವು ನಿಜಕ್ಕೂ ಅಚ್ಚಾಗಿ ಜನರ ಮೈಮೇಲೆ ಬಂದವು. ಇಡೀ ಚಳವಳಿ ಆಡಿದ ದೊಡ್ಡ ಮಾತನ್ನು ಪೂರ್ತಿ ನಡೆಸಿ ತೋರಿಸಿದವರು ಈ ಇಬ್ಬರು ಹೆಂಗಸರು ಎಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ಪೊಪೋವಾ 1924ರ ಮೇ ತಿಂಗಳಲ್ಲಿ ಕೆಂಪುಜ್ವರಕ್ಕೆ ಬಲಿಯಾದಳು. ಆಗ ಅವಳಿಗೆ 35 ವರ್ಷ.

ಕೆಂಪು-ಕಪ್ಪು ಬಣ್ಣ, ಓರೆ ಅಕ್ಷರ, ದಪ್ಪ ಗೆರೆ ಹಾಕಿದರೆ ರಚನಾವಾದಿ ಪೋಸ್ಟರ್ ಆಗುತ್ತದೆಯೇ?

ಆಗುವುದಿಲ್ಲ. ಆದರೆ ಇಂದು ಹೆಚ್ಚಾಗಿ ನಡೆಯುತ್ತಿರುವುದು ಅದೇ. 1924ರಲ್ಲಿ ರೊಡ್ಚೆಂಕೊ ಲೆನಿನ್‌ಗ್ರಾದ್‌ನ ಪ್ರಕಾಶನ ಸಂಸ್ಥೆಗೆ ಮಾಡಿದ ಜಾಹೀರಾತಿನಲ್ಲಿ ಲಿಲ್ಯಾ ಬ್ರಿಕ್ ಬಾಯಿಗೆ ಕೈ ಒಡ್ಡಿ ಕೂಗುತ್ತಾಳೆ, ಪುಸ್ತಕಗಳು ಎನ್ನುವ ಕೂಗು ತುತ್ತೂರಿಯಂತೆ ಅಗಲವಾಗುತ್ತಾ ಹೋಗುತ್ತದೆ. ಈ ಚಿತ್ರವನ್ನು ಸಂಗೀತದ ಆಲ್ಬಂಗಳಿಂದ ಹಿಡಿದು ಬಟ್ಟೆ ಅಂಗಡಿಗಳವರೆಗೆ ಎಷ್ಟು ಜನ ಎತ್ತಿಕೊಂಡಿದ್ದಾರೋ ಲೆಕ್ಕವಿಲ್ಲ. ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ 1978ರ ಆಲ್ಬಂ ಹೊದಿಕೆ ಲಿಸಿಟ್ಸ್ಕಿಯಿಂದ ಬಂದದ್ದೆಂದು ಹೊದಿಕೆಯೇ ಒಪ್ಪಿಕೊಳ್ಳುತ್ತದೆ.

ನಿಜವಾದ ಕೊಡುಗೆ ಬೇರೆ ಕಡೆ ಇದೆ. ರಷ್ಯನ್ ಕವಿ ಮಾಯಕೋವ್‌ಸ್ಕಿಯ 13 ಕವನಗಳನ್ನು ಗಟ್ಟಿಯಾಗಿ ಓದುವುದಕ್ಕೆಂದೇ ಲಿಸಿಟ್ಸ್ಕಿ 1923ರಲ್ಲಿ ಬರ್ಲಿನ್‌ನಲ್ಲಿ ಒಂದು ಪುಸ್ತಕವನ್ನು ಸಜ್ಜುಗೊಳಿಸಿದ. ಪುಟಗಳ ಬಲ ಅಂಚನ್ನು ಹಂತ ಹಂತವಾಗಿ ಕತ್ತರಿಸಿ, ಪ್ರತಿ ಕವನಕ್ಕೂ ಶೀರ್ಷಿಕೆ ಮತ್ತು ಗುರುತುಚಿಹ್ನೆ ಇರುವ ಕಿವಿಯನ್ನು ಕೊಟ್ಟ. ವಿಳಾಸದ ಡೈರಿಯಲ್ಲಿ ಹೆಸರು ಹುಡುಕುವಂತೆ ಓದುವವನು ಹೆಬ್ಬೆರಳಿಟ್ಟು ತನಗೆ ಬೇಕಾದ ಕವನವನ್ನು ಒಮ್ಮೆಲೇ ತೆರೆಯಬಹುದಿತ್ತು. ಒಳಗಿನ ಚಿತ್ರಗಳಿಗೆ ಬ್ಲಾಕು ಮಾಡಿಸಲಿಲ್ಲ. ಹಡಗು, ಮನುಷ್ಯ, ಪೆಟ್ಟು ಎಲ್ಲವೂ ಮೊಳೆ ಜೋಡಿಸುವವನ ಪೆಟ್ಟಿಗೆಯಲ್ಲಿದ್ದ ಅಕ್ಷರ, ಪಟ್ಟಿ, ಗೆರೆಗಳಿಂದಲೇ ಆದವು, ಅವನ್ನು ಜೋಡಿಸಿದ ಜರ್ಮನ್ ಕೆಲಸಗಾರನಿಗೆ ರಷ್ಯನ್ ಬರುತ್ತಿರಲಿಲ್ಲ. ಓದುವ ಕೈ ಏನು ಮಾಡುತ್ತದೆ ಎಂದು ಮೊದಲು ಯೋಚಿಸಿ ಆಮೇಲೆ ಪುಟವನ್ನು ಕಟ್ಟುವ ಈ ಕ್ರಮ ಜರ್ಮನಿಯ ಮುದ್ರಣ ವಿನ್ಯಾಸಕ ಯಾನ್ ಚಿಖೋಲ್ಡ್ 1928ರಲ್ಲಿ ಮಂಡಿಸಿದ ಹೊಸ ಮುದ್ರಣವಿನ್ಯಾಸದ ಮೂಲಕ ಯುರೋಪಿನ ಅಚ್ಚುಕೂಟಗಳಿಗೆ ಹರಡಿತು. ಎಡಕ್ಕೆ ಸರಿಸಿದ ಶೀರ್ಷಿಕೆ, ಅರ್ಥ ಕೊಡುವ ಖಾಲಿ ಜಾಗ, ಛಾಯಾಚಿತ್ರ ಮತ್ತು ಅಕ್ಷರದ ಹೊಂದಾಣಿಕೆ ಇವೆಲ್ಲ ಇಂದು ಎಷ್ಟು ಸಾಮಾನ್ಯವೆಂದರೆ ಅವಕ್ಕೆ ಒಂದು ಹುಟ್ಟು ಇತ್ತೆಂಬುದನ್ನೇ ಮರೆತಿದ್ದೇವೆ.

ಕಟ್ಟಡಗಳಲ್ಲಿ ಒಂದನ್ನು ಮಾತ್ರ ನೋಡುವುದಾದರೆ ಯಾವುದನ್ನು ನೋಡಲಿ?

ಮಾಸ್ಕೋದ ನಾರ್ಕೊಂಫಿನ್ ಕಟ್ಟಡವನ್ನು. ಹಣಕಾಸು ಇಲಾಖೆಯ ನೌಕರರಿಗಾಗಿ ಮೊಯಿಸೈ ಗಿಂಜ್‌ಬರ್ಗ್ ಮತ್ತು ಇಗ್ನಾತಿ ಮಿಲಿನಿಸ್ 1928ರಿಂದ 1930ರ ನಡುವೆ ಕಟ್ಟಿದ ವಸತಿ ಸಮುಚ್ಚಯ ಅದು. ಗಿಂಜ್‌ಬರ್ಗ್ ಮತ್ತು ವೆಸ್ನಿನ್ ಸಹೋದರರು 1925ರಲ್ಲಿ ಕಟ್ಟಿದ ಓಸಾ ಎಂಬ ವಾಸ್ತುಶಿಲ್ಪಿಗಳ ಸಂಘ ಕಡಿಮೆ ಖರ್ಚಿನಲ್ಲಿ ಹೆಚ್ಚು ಜನರಿಗೆ ಒಳ್ಳೆಯ ಮನೆ ಕೊಡುವುದು ಹೇಗೆಂದು ಲೆಕ್ಕ ಹಾಕುತ್ತಿತ್ತು. ಅದರ ಫಲವೇ ಎಫ್ ಮಾದರಿಯ ಮನೆ. ಮಲಗುವ ಜಾಗಕ್ಕೆ, ಸ್ನಾನದ ಮನೆಗೆ ಎತ್ತರದ ಸೂರು ಬೇಡ, 2.3 ಮೀಟರ್ ಸಾಕು, ಆದರೆ ಕುಳಿತು ಬದುಕುವ ಕೋಣೆಗೆ ಗಾಳಿ ಬೆಳಕು ಬೇಕು, ಅದಕ್ಕೆ 3.6 ಮೀಟರ್ ಇರಲಿ ಎಂದು ಅವರು ನಿರ್ಧರಿಸಿದರು. ಹೀಗೆ ತಗ್ಗು ಭಾಗಗಳಲ್ಲಿ ಉಳಿಸಿದ ಎತ್ತರದಲ್ಲಿ ಒಂದು ಓಣಿಯನ್ನು ತೂರಿಸಿದರು. ಆ ಒಂದೇ ಓಣಿಯಿಂದ ಕೆಲವು ಮನೆಗಳಿಗೆ ಮೆಟ್ಟಿಲು ಹತ್ತಿ, ಕೆಲವಕ್ಕೆ ಇಳಿದು ಹೋಗಬಹುದು, ಮನೆಗಳಿಗೆ ಎರಡೂ ಕಡೆಯಿಂದ ಬೆಳಕು ಬರುತ್ತದೆ. ಒಂದು ಇಂಚು ಜಾಗವೂ ಸುಮ್ಮನೆ ಬಿದ್ದಿಲ್ಲ, ಆದರೂ ಒಳಗೆ ನಿಂತವರಿಗೆ ಇಕ್ಕಟ್ಟೆನಿಸದಂತೆ ಕಟ್ಟಿದ್ದಾರೆ. ಒಳಗೋಡೆಗಳ ಬಣ್ಣವನ್ನು ಜರ್ಮನಿಯ ಕಲೆ-ವಿನ್ಯಾಸ ಶಾಲೆ ಬೌಹೌಸ್‌ನ ಹಿನ್ನೆರ್ಕ್ ಶೆಪರ್ ನಿರ್ಧರಿಸಿದ.

ಊಟದ ಕೋಣೆ, ವ್ಯಾಯಾಮ ಶಾಲೆಗಳಿದ್ದ ಸಾಮುದಾಯಿಕ ಭಾಗವನ್ನು ಸೇತುವೆಯಿಂದ ಜೋಡಿಸಲಾಗಿತ್ತು. ಹೆಂಗಸರನ್ನು ಒಲೆಯ ಮುಂದಿನ ಬಂಧನದಿಂದ ಬಿಡಿಸುವುದು ಅದರ ಉದ್ದೇಶ. ಆದರೂ ಜನರನ್ನು ಬಲವಂತದಿಂದ ಸಾಮೂಹಿಕ ಬದುಕಿಗೆ ತಳ್ಳಬಾರದು ಎಂದು ಗಿಂಜ್‌ಬರ್ಗ್ ತಿಳಿದಿದ್ದ. ಅದಕ್ಕೇ ಇದನ್ನು ಪರಿವರ್ತನೆಯ ಹಂತದ ಮನೆ ಎಂದು ಕರೆದು, ಸ್ವಂತ ಅಡುಗೆಯ ಅವಕಾಶವನ್ನೂ ಉಳಿಸಿದ. ಈ ಸಂಯಮವೇ ನನಗೆ ಅವನಲ್ಲಿ ಅತ್ಯಂತ ಗೌರವ ಹುಟ್ಟಿಸುತ್ತದೆ. ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಮಾಸ್ಕೋಗೆ ಬಂದಾಗ ಈ ಪ್ರಯೋಗಗಳನ್ನು ಕಂಡಿದ್ದ. 1952ರಲ್ಲಿ ಮುಗಿದ ಮಾರ್ಸೇಲ್ಸ್‌ನ ಅವನ ವಸತಿ ಕಟ್ಟಡದಲ್ಲಿ ಒಳ ಓಣಿಯೂ ಎರಡಂತಸ್ತಿನ ಮನೆಯೂ ದೊಡ್ಡ ಪ್ರಮಾಣದಲ್ಲಿ ಮರುಹುಟ್ಟು ಪಡೆದವು.

ಇನ್ನೂ ನೋಡಬೇಕೆನ್ನುವವರಿಗೆ ಇಲ್ಯಾ ಗೊಲೊಸೊವ್‌ನ ಜುಯೆವ್ ಕ್ಲಬ್ಬಿನ ಗಾಜಿನ ಮೂಲೆಯಿದೆ, ಕಾನ್‌ಸ್ಟಂಟಿನ್ ಮೆಲ್ನಿಕೊವ್‌ನ ರುಸಕೊವ್ ಕ್ಲಬ್ಬಿನಲ್ಲಿ ಗೋಡೆಯಿಂದ ಹೊರಚಾಚಿದ ಮೂರು ಸಭಾಂಗಣಗಳಿವೆ. ಮೆಲ್ನಿಕೊವ್ ಓಸಾದ ಸದಸ್ಯನಲ್ಲ, ಯಾವ ಗುಂಪಿಗೂ ಸಲೀಸಾಗಿ ಸೇರುವವನಲ್ಲ. ಆದರೆ ಆ ಹೊರಚಾಚು 1963ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕಟ್ಟಡದಲ್ಲಿ ಸ್ಟರ್ಲಿಂಗ್ ಮತ್ತು ಗವನ್ ಅವರ ಕೈಯಲ್ಲಿ ಮತ್ತೆ ಕಾಣಿಸಿತು.

ಬೌಹೌಸ್ ಇದನ್ನು ನಕಲು ಮಾಡಿತೇ ಅಥವಾ ಇದು ಬೌಹೌಸ್‌ನ ನಕಲೇ?

ಎರಡೂ ಒಂದೇ ಕಾಲದ ಪ್ರಯತ್ನಗಳು, ನಡುವೆ ಕೊಡು-ಕೊಳ್ಳು ನಡೆದಿತ್ತು. ಮಾಸ್ಕೋದ ವ್ಖುತೆಮಾಸ್ ಎಂಬ ಕಲೆ-ವಿನ್ಯಾಸ ಶಾಲೆ 1920ರಿಂದ 1930ರವರೆಗೆ ನಡೆಯಿತು, ವಿದ್ಯಾರ್ಥಿಗಳ ಸಂಖ್ಯೆಯಲ್ಲಿ ಬೌಹೌಸ್‌ಗಿಂತ ಎಷ್ಟೋ ಪಾಲು ದೊಡ್ಡದಾಗಿತ್ತು. ಬಣ್ಣ, ಗಾತ್ರ, ಸ್ಥಳಾವಕಾಶ, ರೇಖೆಗಳನ್ನು ಎಲ್ಲ ವಿಭಾಗದ ವಿದ್ಯಾರ್ಥಿಗಳಿಗೂ ಮೊದಲೇ ಕಲಿಸುವ ಮೂಲಪಾಠ ಅಲ್ಲಿಯೂ ಇತ್ತು. ಇತ್ತ ಲಿಸಿಟ್ಸ್ಕಿ ಬರ್ಲಿನ್‌ಗೆ ಬಂದ, 1922ರ ಅಕ್ಟೋಬರ್‌ನಲ್ಲಿ ಅಲ್ಲಿನ ವಾನ್ ಡೀಮೆನ್ ಗ್ಯಾಲರಿಯಲ್ಲಿ ರಷ್ಯನ್ ಕಲೆಯ ದೊಡ್ಡ ಪ್ರದರ್ಶನ ನಡೆಯಿತು, 1923ರಲ್ಲಿ ಹಂಗೇರಿಯ ಮೊಹೊಲಿ-ನಾಜ್ ಬೌಹೌಸ್‌ಗೆ ಮೇಷ್ಟರಾಗಿ ಸೇರಿದ. ಆ ಶಾಲೆ ಕರಕುಶಲದ ಭಾವುಕತೆಯಿಂದ ಯಂತ್ರ ಮತ್ತು ಉದ್ಯಮದ ಕಡೆಗೆ ತಿರುಗಿದ್ದರಲ್ಲಿ ಇವೆಲ್ಲದರ ಪಾಲಿದೆ. ಬೌಹೌಸ್‌ಗೆ ಸಿಕ್ಕ ಹೆಸರು ವ್ಖುತೆಮಾಸ್‌ಗೆ ಸಿಗದೆ ಹೋದದ್ದಕ್ಕೆ ಪ್ರತಿಭೆಯ ಕೊರತೆ ಕಾರಣವಲ್ಲ. ಬೌಹೌಸ್‌ನ ಗುರುಗಳು ಅಮೆರಿಕಕ್ಕೆ ಹೋಗಿ ತಮ್ಮ ಶಾಲೆಯ ಕಥೆಯನ್ನು ಹೇಳಿದರು, ವ್ಖುತೆಮಾಸ್‌ನವರಿಗೆ ಅದನ್ನು ಹೇಳುವ ಸ್ವಾತಂತ್ರ್ಯ ಇರಲಿಲ್ಲ.

## ಸ್ವಲ್ಪ ಆಳದ ಪ್ರಶ್ನೆಗಳು

ಸ್ಟಾಲಿನ್ ಒಂದೇ ಆದೇಶದಿಂದ ಇದನ್ನು ನಿಲ್ಲಿಸಿಬಿಟ್ಟನೇ?

ಆದೇಶ ಇದ್ದದ್ದು ನಿಜ. 1932ರ ಏಪ್ರಿಲ್ 23ರ ನಿರ್ಣಯ ಎಲ್ಲ ಸ್ವತಂತ್ರ ಸಾಹಿತ್ಯ-ಕಲಾ ಗುಂಪುಗಳನ್ನು ಬರಖಾಸ್ತುಗೊಳಿಸಿತು. ಮಾಸ್ಕೋದಲ್ಲಿ ಕಟ್ಟಬೇಕಿದ್ದ ಸೋವಿಯತ್ ಅರಮನೆ ಎಂಬ ಸರ್ಕಾರಿ ಸಭಾಭವನದ ಸ್ಪರ್ಧೆಯಲ್ಲಿ ಬೊರಿಸ್ ಇಯೊಫಾನ್‌ನ ಭಾರಿ, ಕಂಬಗಳ ಸಾಲಿನ ಯೋಜನೆ ಗೆದ್ದು, ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ಎಲ್ಲರಿಗೂ ಗೊತ್ತಾಯಿತು. ಆದರೆ ನೆಲ ಅದಕ್ಕೆ ಮೊದಲೇ ಸಡಿಲವಾಗಿತ್ತು. ಸಿಮೆಂಟು, ಉಕ್ಕು, ಗಾಜು ಎಲ್ಲಕ್ಕೂ ಅಭಾವವಿತ್ತು, ಕಟ್ಟುವ ಕೈಗಳಿಗೆ ಹೊಸ ವಿಧಾನದ ಪಳಗಿಕೆ ಇರಲಿಲ್ಲ. ಯಂತ್ರಯುಗದ ಕಟ್ಟಡಗಳನ್ನು ಎಷ್ಟೋ ಸಲ ಇಟ್ಟಿಗೆಯಿಂದ ಕಟ್ಟಿ ಗಾರೆ ಬಳಿದು ಕಾಂಕ್ರೀಟಿನಂತೆ ಕಾಣಿಸಬೇಕಾಯಿತು. ಇಷ್ಟು ದುಡಿದವರ ಮುಂದಿನ ಬದುಕು ಒಂದೇ ತೆರನಾಗಿರಲಿಲ್ಲ. ಗಿಂಜ್‌ಬರ್ಗ್ ಕಿಸ್ಲೊವೊಡ್ಸ್ಕ್‌ನಲ್ಲಿ ಆರೋಗ್ಯಧಾಮ ಕಟ್ಟುತ್ತಾ ವೃತ್ತಿಯಲ್ಲಿ ಉಳಿದ, ಮೆಲ್ನಿಕೊವ್‌ಗೆ ಕಟ್ಟುವ ಅವಕಾಶವೇ ತಪ್ಪಿತು, ಛಾಯಾಚಿತ್ರಗಳ ತುಣುಕು ಜೋಡಿಸುವ ಫೋಟೊಮಾಂಟೇಜಿಗೆ ಹೆಸರಾದ ಗುಸ್ತಾವ್ ಕ್ಲುಟ್ಸಿಸ್‌ನನ್ನು 1938ರಲ್ಲಿ ಬಂಧಿಸಿ ಗುಂಡಿಕ್ಕಿದರು.

ಜಹಾ ಹದೀದ್ ಅವರ ಕಟ್ಟಡಗಳು ರಚನಾವಾದದ ಮುಂದುವರಿಕೆಯೇ?

ರೂಪದ ಮಟ್ಟಿಗೆ ಹೌದು, ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ. ಲಂಡನ್‌ನ ಎ.ಎ. ವಾಸ್ತುಶಿಲ್ಪ ಶಾಲೆಯಲ್ಲಿ 1976–77ರ ಅವರ ಪದವಿ ಯೋಜನೆ ಮಾಲೆವಿಚ್‌ನ ಆಕೃತಿಯೊಂದನ್ನು ಥೇಮ್ಸ್ ನದಿಯ ಸೇತುವೆಯ ಮೇಲೆ ಹೋಟೆಲಾಗಿ ಇರಿಸಿತ್ತು. ಅವರ ಗುರು ರೆಮ್ ಕೂಲ್ಹಾಸ್ ರಚನಾವಾದಿ ವಾಸ್ತುಶಿಲ್ಪಿ ಇವಾನ್ ಲಿಯೊನಿಡೊವ್‌ನನ್ನು ಆಳವಾಗಿ ಓದಿಕೊಂಡವರು. 1988ರಲ್ಲಿ ಮೋಮಾದಲ್ಲಿ ಫಿಲಿಪ್ ಜಾನ್ಸನ್ ಮತ್ತು ಮಾರ್ಕ್ ವಿಗ್ಲಿ ಏಳು ವಾಸ್ತುಶಿಲ್ಪಿಗಳನ್ನು ಡಿಕನ್‌ಸ್ಟ್ರಕ್ಟಿವಿಸ್ಟ್ ಎಂಬ ಹೆಸರಿನಡಿ ಪ್ರದರ್ಶಿಸಿದಾಗ ರಷ್ಯದ ಕೃತಿಗಳನ್ನೇ ಮೂಲವೆಂದು ಮುಂದಿಟ್ಟರು.

ನನ್ನ ತಕರಾರು ಇಲ್ಲಿ ಶುರುವಾಗುತ್ತದೆ. ಓರೆ ತೊಲೆ, ತೇಲುವ ಹಲಗೆ, ಚೂಪು ಮೂಲೆಗಳು ಬಂದವು, ಅವನ್ನು ಹುಟ್ಟಿಸಿದ ಲೆಕ್ಕಾಚಾರ ಬರಲಿಲ್ಲ. ಗಿಂಜ್‌ಬರ್ಗ್‌ನ ಓರೆಯೋ ತಗ್ಗೋ ಒಂದು ಸಂಸಾರದ ಬೆಳಕನ್ನೂ ಬಾಡಿಗೆಯನ್ನೂ ನೆನೆದು ಆದದ್ದು. ಎಂಬತ್ತರ ದಶಕದ ಓರೆ ಬಹುಮಟ್ಟಿಗೆ ಓರೆಗಾಗಿಯೇ ಆದದ್ದು. ಸಂಯೋಜನೆ ಮತ್ತು ರಚನೆಯ ನಡುವೆ 1921ರಲ್ಲಿ ಎಳೆದ ಗೆರೆಯ ಪ್ರಕಾರ ನೋಡಿದರೆ ಇವೆಲ್ಲ ಸಂಯೋಜನೆಗಳು. ಅವುಗಳಲ್ಲಿ ಸೊಗಸಿಲ್ಲವೆಂದು ನಾನು ಹೇಳುತ್ತಿಲ್ಲ, ವಾರಸುದಾರಿಕೆಯ ಹಕ್ಕನ್ನು ಮಾತ್ರ ಪ್ರಶ್ನಿಸುತ್ತಿದ್ದೇನೆ. ಕಡಿಮೆ ಖರ್ಚಿನ ವಸತಿಯಲ್ಲಿ ಒಂದು ಮೆಟ್ಟಿಲನ್ನು ಎಲ್ಲಿಡಬೇಕೆಂದು ತಲೆಕೆಡಿಸಿಕೊಳ್ಳುವ, ಹೆಸರು ಕೇಳದ ವಾಸ್ತುಶಿಲ್ಪಿಗೆ ಆ ಹಕ್ಕು ಹೆಚ್ಚು ಸಲ್ಲುತ್ತದೆ.

ಶಿಲ್ಪಕಲೆಯಲ್ಲಿ ಇದರ ಪ್ರಭಾವ ಎಲ್ಲೆಲ್ಲಿ ಕಾಣುತ್ತದೆ?

ನೌಮ್ ಗಾಬೊ ಮತ್ತು ಅವನ ಅಣ್ಣ ಆಂಟೊನ್ ಪೆವ್ಸ್ನರ್ 1920ರ ಆಗಸ್ಟ್‌ನಲ್ಲಿ ಮಾಸ್ಕೋದಲ್ಲಿ ಪ್ರಣಾಳಿಕೆ ಹೊರಡಿಸಿ, ಶಿಲ್ಪಕ್ಕೆ ತೂಕ ಬೇಡ, ಸ್ಥಳಾವಕಾಶ ಮತ್ತು ಕಾಲ ಬೇಕು ಎಂದರು. ಕಾರ್ಖಾನೆಗೆ ಹೋಗಬೇಕೆನ್ನುವ ರೊಡ್ಚೆಂಕೊ ಪಂಗಡದ ಹಟವನ್ನು ಗಾಬೊ ಒಪ್ಪದೆ 1922ರಲ್ಲಿ ದೇಶ ಬಿಟ್ಟ. ಪಶ್ಚಿಮದವರು ಬಹುಕಾಲ ರಚನಾವಾದವೆಂದು ತಿಳಿದದ್ದು ಗಾಬೊನ ಪಾರದರ್ಶಕ ಪ್ಲಾಸ್ಟಿಕ್ಕಿನ ನಯವಾದ ಶಿಲ್ಪಗಳನ್ನೇ. ಕ್ಯಾಮಿಲಾ ಗ್ರೇ 1962ರಲ್ಲಿ ಬರೆದ ರಷ್ಯನ್ ಕಲೆಯ ಇತಿಹಾಸ ಬಂದ ಮೇಲೆ ಉಳಿದವರ ಹೆಸರುಗಳು ಬೆಳಕಿಗೆ ಬಂದವು. ಅಮೆರಿಕದ ಡಾನ್ ಫ್ಲಾವಿನ್ 1964ರಿಂದ ಅಂಗಡಿಯಲ್ಲಿ ಸಿಗುವ ಟ್ಯೂಬ್‌ಲೈಟುಗಳನ್ನೇ ಸಾಲಾಗಿ ನಿಲ್ಲಿಸಿ ಟಾಟ್ಲಿನ್‌ಗೆ ಸ್ಮಾರಕಗಳ ಸರಣಿಯನ್ನು ಮಾಡಿದ. ನನ್ನ ಮಟ್ಟಿಗೆ ಅತ್ಯಂತ ಜೀವಂತವಾದ ಕವಲು ಬ್ರೆಜಿಲ್‌ನದು. 1959ರಲ್ಲಿ ರಿಯೊದಲ್ಲಿ ನವಮೂರ್ತ (ನಿಯೊ-ಕಾಂಕ್ರೀಟ್) ಕಲಾ ಪಂಥದವರು ಹೊರಟ ಮೇಲೆ ಲಿಜಿಯಾ ಕ್ಲಾರ್ಕ್ ಕೀಲು ಹಾಕಿದ ಲೋಹದ ಫಲಕಗಳ ಶಿಲ್ಪಗಳನ್ನು ಮಾಡಿ, ನೋಡುಗರೇ ಅವನ್ನು ಕೈಯಲ್ಲಿ ಮಡಚಿ ತೆರೆಯಲಿ ಎಂದು ಬಿಟ್ಟರು.

ಭಾರತದಲ್ಲಿ ಇದರ ಗುರುತು ಎಲ್ಲಾದರೂ ಇದೆಯೇ?

ನೇರವಾಗಿ ಹೆಚ್ಚಿಲ್ಲ, ಇದೆಯೆಂದು ಎಳೆದು ತರುವುದೂ ಬೇಡ. ಸುತ್ತು ದಾರಿಯ ನಂಟು ಚಂಡೀಗಢದಲ್ಲಿದೆ. ಲ ಕಾರ್ಬೂಸಿಯೆ 1928ರಲ್ಲಿ ಮಾಸ್ಕೋದಲ್ಲಿ ಸಹಕಾರ ಸಂಘಗಳ ಕೇಂದ್ರ ಕಚೇರಿಯನ್ನು ವಿನ್ಯಾಸ ಮಾಡುವಾಗ, ಸಾವಿರಾರು ನೌಕರರು ಒಮ್ಮೆಗೇ ಒಳಹೊರಗೆ ಹೋಗುವ ಚಲನೆಯನ್ನು ಇಳಿಜಾರು ಹಾದಿಗಳ ಮೂಲಕ ನಡೆಸಿದ. ಇಂಥದೇ ಇಳಿಜಾರುಗಳನ್ನು ಅವನು ಐವತ್ತರ ದಶಕದಲ್ಲಿ ಚಂಡೀಗಢದ ಸಚಿವಾಲಯಕ್ಕೂ ಕೊಟ್ಟ.

ಆಳುವವರ ಪ್ರಚಾರಕ್ಕೆ ದುಡಿದ ಕಲೆಯನ್ನು ನಾವು ಮೆಚ್ಚಬಹುದೇ?

ಇದನ್ನು ಕೇಳುವವರು ಬಹಳ ಜನ, ಕೇಳಬೇಕಾದದ್ದೂ ಹೌದು. ಬಿಳಿಸಮುದ್ರದ ಕಾಲುವೆಯನ್ನು ಕೈದಿಗಳಿಂದ ತೋಡಿಸಲಾಯಿತು, ಸಾವಿರಾರು ಜನ ಅಲ್ಲಿ ಸತ್ತರು. ರೊಡ್ಚೆಂಕೊ ಅಲ್ಲಿಗೆ ಹೋಗಿ ತೆಗೆದ ಛಾಯಾಚಿತ್ರಗಳು 1933ರ ಡಿಸೆಂಬರ್‌ನಲ್ಲಿ ಒಂದು ಅದ್ದೂರಿ ಪತ್ರಿಕೆಯ ಸಂಚಿಕೆಯಾಗಿ ಬಂದು, ಬಲವಂತದ ದುಡಿಮೆಯನ್ನು ಮನುಷ್ಯರ ಸುಧಾರಣೆಯೆಂದು ಜಗತ್ತಿಗೆ ತೋರಿಸಿದವು. ಆ ಪುಟಗಳ ವಿನ್ಯಾಸ ಅದ್ಭುತವಾಗಿದೆ, ಅದೇ ಅವುಗಳ ಅಪರಾಧವನ್ನು ಹೆಚ್ಚಿಸುತ್ತದೆ. ಇದನ್ನು ಬಿಟ್ಟು ಚಳವಳಿಯ ಕಥೆ ಹೇಳುವವರು ಅರ್ಧ ಕಥೆಯನ್ನೇ ಹೇಳುತ್ತಾರೆ. ಹಾಗೆಂದು ಪೊಪೋವಾಳ ಬಟ್ಟೆಯನ್ನೂ ಗಿಂಜ್‌ಬರ್ಗ್‌ನ ಮನೆಯನ್ನೂ ಈ ಪುಟಗಳ ಲೆಕ್ಕಕ್ಕೆ ಹಾಕುವುದು ನ್ಯಾಯವಲ್ಲ. ಪ್ರತಿ ಕೃತಿಯ ಮುಂದೆ ನಿಂತು, ಇದು ಯಾರಿಗೆ ಒದಗಿತು, ಯಾರನ್ನು ಮರೆಮಾಡಿತು ಎಂದು ಕೇಳಬೇಕು. ಹಾಗೆ ಕೇಳಲು ಬೇಕಾದ ಅಳತೆಗೋಲನ್ನು ರಚನಾವಾದಿಗಳೇ ಕೊಟ್ಟಿದ್ದಾರೆ.

ಆ ಕಟ್ಟಡಗಳು ಈಗ ಯಾವ ಸ್ಥಿತಿಯಲ್ಲಿವೆ?

ಒಂದೊಂದರದು ಒಂದೊಂದು ಗತಿ. ದಶಕಗಳ ಕಾಲ ಪಾಳುಬಿದ್ದಿದ್ದ ನಾರ್ಕೊಂಫಿನ್‌ನ ಜೀರ್ಣೋದ್ಧಾರ ಗಿಂಜ್‌ಬರ್ಗ್‌ನ ಮೊಮ್ಮಗ ಅಲೆಕ್ಸೈ ಗಿಂಜ್‌ಬರ್ಗ್ ಅವರ ನೇತೃತ್ವದಲ್ಲಿ 2020ರಲ್ಲಿ ಮುಗಿಯಿತು. ಕಟ್ಟಡ ಮುಗಿದ ನಂತರದ ವರ್ಷಗಳಲ್ಲಿ ಗೋಡೆ ಕಟ್ಟಿ ಮುಚ್ಚಿದ್ದ, ಕಂಬಗಳ ನಡುವಿನ ನೆಲಮಟ್ಟದ ಬಯಲನ್ನು ಮತ್ತೆ ತೆರೆದರು. ಆದರೆ ಸಾಮಾನ್ಯ ನೌಕರರಿಗೆಂದು ಕಟ್ಟಿದ ಆ ಮನೆಗಳು ಇಂದು ದುಬಾರಿ ಬೆಲೆಯ ಖಾಸಗಿ ಅಪಾರ್ಟ್‌ಮೆಂಟುಗಳು. ಎರಡು ಸಿಲಿಂಡರುಗಳನ್ನು ಒಂದಕ್ಕೊಂದು ಹೊಂದಿಸಿದ ಮೆಲ್ನಿಕೊವ್‌ನ ಸ್ವಂತ ಮನೆ ಮ್ಯೂಸಿಯಂ ಆಗಿದೆ.

ಎಲ್ಲಕ್ಕಿಂತ ದೊಡ್ಡದಾದ ಡೆರ್ಜ್‌ಪ್ರೋಮ್ ಉಕ್ರೇನಿನ ಖಾರ್ಕಿವ್‌ನಲ್ಲಿದೆ. ಸೆರಾಫಿಮೊವ್, ಕ್ರಾವೆಟ್ಸ್ ಮತ್ತು ಫೆಲ್ಗರ್ 1925ರಿಂದ 1928ರ ನಡುವೆ ಕಟ್ಟಿಸಿದ ಆ ಕಾಂಕ್ರೀಟ್ ಕಟ್ಟಡಗಳ ಸಾಲನ್ನು ಬೀದಿಗಳ ಮೇಲಿಂದ ಹಾದುಹೋಗುವ ಸೇತುವೆಗಳು ಒಂದು ಮಾಡಿವೆ. ಯುನೆಸ್ಕೊ 2023ರಲ್ಲಿ ಅದಕ್ಕೆ ಯುದ್ಧಕಾಲದ ವಿಶೇಷ ರಕ್ಷಣೆಯನ್ನು ತಾತ್ಕಾಲಿಕವಾಗಿ ಘೋಷಿಸಿತು. 2024ರ ಅಕ್ಟೋಬರ್ 28ರಂದು ರಷ್ಯಾದ ಬಾಂಬು ಬಿದ್ದು ಅದರ ಒಂದು ಭಾಗ ಜಖಂಗೊಂಡಿತು.